ಯಾರೂ ಮಾತಾಡುತ್ತಿಲ್ಲ

ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚಾಕುವನ್ನು ತಟ್ಟೆಯ ಅಂಚಿಗೆ ಒರಗಿಸಿ, ಎರಡೂ ಕೈ ಖಾಲಿ ಮಾಡಿಕೊಂಡು, ನಿನ್ನೆ ನೀನು ಬರೆದದ್ದು ಬಹಳ ಚೆನ್ನಾಗಿತ್ತು ಎಂದಾಗ ತಂಗಿ ತಲೆ ತಗ್ಗಿಸಿ ನಕ್ಕಳು. ಅಕ್ಕನಿಗೆ ಮಾತೆಂದರೆ ಕೈ. ಎಳವೆಯಲ್ಲಿ ಬಂದ ಯಾವುದೋ ಜ್ವರ ಅವಳ ಕಿವಿಗಳನ್ನು ಒಯ್ದಮೇಲೆ ಈ ಮನೆಯೊಳಗೇ ಹುಟ್ಟಿ, ಈ ಮನೆಯೊಳಗೇ ಬೆಳೆದ, ಹೊಸ್ತಿಲು ದಾಟಿದರೆ ಯಾರಿಗೂ ಅರ್ಥವಾಗದ ಕೈಮಾತು ಅದು. ಅಪ್ಪ ಅಮ್ಮ ಹೋದಮೇಲೆ ಅದನ್ನು ಬಲ್ಲವರು ಲೋಕದಲ್ಲಿ ಇವರಿಬ್ಬರೇ. ಚೆನ್ನಾಗಿದೆ ಎನ್ನಬೇಕಾದರೆ ಅಂಗೈಯನ್ನು ಎದೆಯ ಮೇಲಿಟ್ಟು ಮೆಲ್ಲಗೆ ಒಮ್ಮೆ ತಟ್ಟಬೇಕು. ಅಕ್ಕ ತಟ್ಟುತ್ತಲೇ ಇದ್ದಳು. “ಧಾರಾವಾಹೀಲಿ ಆ ಅಪ್ಪ ಊಟದ ಮೇಜಿನ ಮುಂದೆ ಕೂತಿದ್ನಲ್ಲ, ಎದುರಿಗೆ ಮಗಳು. ಯಾರೂ ಮಾತಾಡುತ್ತಿಲ್ಲ ಅಂತ ಬರೆದೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಇನ್ನೂ ಇಲ್ಲ ಅಂತ ಬರೆದೆ. ನಂಗೆ ಮೈ ಜುಂ ಅಂತು ಕಣೇ.”

ಬರೆದದ್ದು ಅವಳಲ್ಲ. ಬರೆದದ್ದು ಮೊಲ. ಟೀವಿ ಕೇಂದ್ರದ ಅಡಿಬರಹ ವಿಭಾಗಕ್ಕೆ ಕಳೆದ ವರ್ಷವಷ್ಟೇ ಬಂದು ಸೇರಿದ, ಮುಂದಿನ ಹಲ್ಲುಗಳು ಸ್ವಲ್ಪ ಉದ್ದವಿದ್ದ, ನಡೆದರೆ ಹೆಜ್ಜೆಯ ಸದ್ದಾಗದ ಹುಡುಗಿಗೆ ಯಾರೋ ಇಟ್ಟ ಹೆಸರು ಅದು. ಸಂಜೆಯ ಧಾರಾವಾಹಿ ಮೊಲದ ಪಾಲಿನದು. ಅವಳ ಪಾಲಿಗೆ ಮಧ್ಯಾಹ್ನದ ವಾರ್ತೆ: ಓದುವವನ ತುಟಿಯಿಂದ ಮಾತು ಬಿದ್ದ ಹಾಗೆಲ್ಲ ಬೆರಳಿನಿಂದ ಹೆಕ್ಕಿ, ಪರದೆಯ ಕೆಳಗೆ ಒಂದರ ಬೆನ್ನಿಗೆ ಒಂದು ಸಾಲು ಉರುಳಿಸುವ ಕೆಲಸ. ಅದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಆದರೆ ಅಕ್ಕ ವಾರ್ತೆ ನೋಡುತ್ತಿರಲಿಲ್ಲ. ಮಧ್ಯಾಹ್ನ ಅವಳಿಗೆ ಹೊಲಿಗೆ ಯಂತ್ರದ ಹೊತ್ತು. ಸವೆದ ಅಂಗಿಗಳ ಕಾಲರ್ ಬಿಚ್ಚಿ, ತಿರುಗಿಸಿ, ಹೊಸದರಂತೆ ಹೊಲಿದುಕೊಡುವ ಹೊತ್ತು. ಸಂಜೆ ದಾರದ ಚೂರುಗಳನ್ನು ಮಡಿಲಿನಿಂದ ಕೊಡವಿ ಟೀವಿಯ ಮುಂದೆ ಕೂತರೆ, ಪರದೆಯ ಕೆಳಗೆ ಮೂಡುವ ಅಕ್ಷರಗಳೆಲ್ಲ ಅವಳ ಲೆಕ್ಕದಲ್ಲಿ ತಂಗಿಯವೇ. ಮೊದಲ ಸಲ ಹೊಗಳಿದಾಗಲೇ ಅಲ್ಲ ಎನ್ನಬೇಕಿತ್ತು. ಆಗ ಅವಳ ಕೈಯಲ್ಲಿ ತೊಳೆಯುತ್ತಿದ್ದ ಲೋಟವಿತ್ತು. ಒದ್ದೆ ಕೈಯಲ್ಲಿ ಹೇಗೆ ಹೇಳಲಿ ಎಂದು ಒಂದು ಗಳಿಗೆ ತಡೆದಳು. ಆ ಗಳಿಗೆ ದಾಟಿದ್ದೇ ಹೊಗಳಿಕೆ ಅವಳದಾಗಿಬಿಟ್ಟಿತ್ತು. ಅಂದಿನಿಂದ ಅದು ಎರವಲು ಓಲೆಯ ಹಾಗೆ ಕಿವಿ ಜಗ್ಗುತ್ತಿತ್ತು. ಬಿಚ್ಚಿ ಇಡೋಣವೆಂದರೆ, ಓಲೆಯಿಲ್ಲದ ಕಿವಿಯನ್ನು ಅಕ್ಕ ಇನ್ನು ನೋಡಿಯಾಳೇ?

“ಈಗ?” ಎಂದಳು ಅಕ್ಕ, ತೋರುಬೆರಳನ್ನು ಕಿವಿಯ ಹಿಂದೆ ತಾಗಿಸಿ, ಹುಬ್ಬೇರಿಸಿ. ಇದು ಹೊಸ ಆಟ. ಈಗ ಏನಾದರೂ ಕೇಳಿಸುತ್ತಿದೆಯಾ, ಇಲ್ಲ ಸುಮ್ಮನಿದೆಯಾ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಕೇಳುವುದು. “ಫ್ರಿಜ್ಜು. ಮೇಲಿನ ಮನೆಯವರ ನಲ್ಲಿ,” ಎಂದು ಅವಳು ಕೈಯಲ್ಲಿ ಹೇಳಿದಳು. ಅಕ್ಕನ ಮುಖ ಸಪ್ಪಗಾಯಿತು. “ಸುಮ್ಮನೆ ಇರೋದು ಯಾವಾಗ ಬರುತ್ತೆ? ಬಂದಾಗ ಹೇಳು. ನಾನು ಏನಂದ್ಕೊಂಡಿದ್ದೆ ಗೊತ್ತಾ? ನಿಮಗೆಲ್ಲ ಹಗಲೂ ರಾತ್ರಿ ಸಂತೆ ಥರ ಕೇಳಿಸ್ತಾನೇ ಇರುತ್ತೆ, ನಾನೊಬ್ಬಳೇ ಹೊರಗೆ ನಿಂತಿದೀನಿ ಅಂತ. ನಿಮಗೂ ನನ್ನ ಹಾಗೆ ಆಗುತ್ತೆ ಅಂತ ಗೊತ್ತೇ ಇರ್ಲಿಲ್ಲ. ನೀನ್ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?” ಕೇಳಿದ್ದರಲ್ಲಿ ದೂರು ಇರಲಿಲ್ಲ, ಬೆಣ್ಣೆ ಸವರಿದ ಬ್ರೆಡ್ಡನ್ನು ಇವಳ ತಟ್ಟೆಗೆ ಹಾಕಿ, ಆಮೇಲೆ ಕೇಳಿದ್ದಳು. ಯಾಕೆ ಹೇಳಲಿಲ್ಲ? ಮಾತು ಬಂದ ದಿನದಿಂದ ಅಕ್ಕನ ಕಿವಿಯಾಗಿ ಬದುಕಿದವಳು ಅವಳು. ಹಾಲು ಉಕ್ಕುತ್ತಿದೆ, ಬಾಗಿಲು ತಟ್ಟುತ್ತಿದ್ದಾರೆ, ಅಪ್ಪ ಕೂಗುತ್ತಿದ್ದಾರೆ, ಯಾರೋ ನಿನ್ನ ಮಾತೇ ಆಡುತ್ತಿದ್ದಾರೆ. ಇದ್ದದ್ದನ್ನೆಲ್ಲ ಒಂದೂ ಬಿಡದೆ ಹೊತ್ತು ತಂದು ಅಕ್ಕನ ಮುಂದೆ ಸುರಿದಿದ್ದಳು. ಇಲ್ಲದ್ದನ್ನು ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಮೊಲಕ್ಕೆ ಹೊಳೆದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಗಾಜಿನಲ್ಲಿ ಅವಳ ಮುಖದ ಮೇಲೆ ಅಂಗಡಿಗಳ ಫಲಕಗಳು ಹರಿದುಹೋಗುತ್ತಿದ್ದವು. ಅಕ್ಷರ ಕಂಡರೆ ಮನೆ ಎಣಿಸುವುದು ಹಳೆಯ ಚಾಳಿ. ಸಾಲಿಗೆ ಮೂವತ್ತೆರಡು ಮನೆ, ಮನೆಗೊಂದು ಅಕ್ಷರ. ಹಳೆಯ ಪದ್ಧತಿಯ ಮೊದಲ ಪಾಠವೇ ಅದು. ಕೆಲಸಕ್ಕೆ ಸೇರಿದ ದಿನ ಅದನ್ನು ಹೇಳಿಕೊಟ್ಟವರು ಯಂತ್ರಗಳ ಕೋಣೆಯ ಎಂಜಿನಿಯರು, ಬೆನ್ನ ಹಿಂದೆ ಎಲ್ಲರೂ ತಂತಿಮಾವ ಎನ್ನುತ್ತಿದ್ದ ಮನುಷ್ಯ. “ದೇವರು ಬಾಯಿಗೆ ಮೂವತ್ತೆರಡು ಹಲ್ಲು ಕೊಟ್ಟ, ನಾವು ಸಾಲಿಗೆ ಮೂವತ್ತೆರಡು ಮನೆ ಕೊಟ್ವಿ. ಅದಕ್ಕಿಂತ ಜಾಸ್ತಿ ಬಾಯಿ ಮಾಡಂಗಿಲ್ಲ.” ಚಿತ್ರದ ಮೇಲಂಚಿನಲ್ಲಿ, ನೋಡುವವರ ಕಣ್ಣಿಗೆ ಬೀಳದ ಒಂದು ಗೆರೆಯೊಳಗೆ ಅಡಗಿ, ಒಂದು ಚಿತ್ರಕ್ಕೆ ಎರಡೇ ಎರಡು ಅಕ್ಷರದಂತೆ, ಇರುವೆ ಸಕ್ಕರೆ ಹೊತ್ತ ಹಾಗೆ ಬರಹ ಮನೆಮನೆಗೆ ಹೋಗುತ್ತಿತ್ತು. ಕಪ್ಪು ಪಟ್ಟಿ, ಬಿಳಿ ಅಕ್ಷರ, ಬೇರೆ ಬಣ್ಣದ ಗೊಡವೆಯಿಲ್ಲ. ಆ ಇಕ್ಕಟ್ಟಿನಲ್ಲೇ ಅವಳು ಪಳಗಿದ್ದಳು. ಹತ್ತು ಮಾತಿನ ಜಾಗದಲ್ಲಿ ಮೂರು ಮಾತು ಕೂರಿಸಿ, ಕಳೆದುಕೊಂಡ ಏಳೂ ಓದುವವರಿಗೆ ತಿಳಿಯದಂತೆ ಮಾಡುವುದೇ ಅವಳ ವಿದ್ಯೆ. ಆಮೇಲೆ ಡಿಜಿಟಲ್ ಬಂತು. ಹೊಸ ದಾರಿಯಲ್ಲಿ ಲಾರಿಯೇ ಹೋಗುತ್ತದೆ ಎಂದರು ತಂತಿಮಾವ: ಅಕ್ಷರ ದೊಡ್ಡದಾಗಬಹುದು, ಚಿಕ್ಕದಾಗಬಹುದು, ಮಾತಾಡಿದವನ ಗಲ್ಲದ ಕೆಳಗೇ ಹೋಗಿ ಕೂರಬಹುದು. ಮೊಲ ಬಂದದ್ದು ಆ ದಾರಿಯಲ್ಲಿ. ಆದರೂ ಹಳೆಯ ಟೀವಿಗಳಿನ್ನೂ ಎಷ್ಟೋ ಮನೆಗಳಲ್ಲಿದ್ದವು, ಅವಳ ಮನೆಯಲ್ಲೂ ಇತ್ತು. ಅವುಗಳಿಗಾಗಿ ಮೊಲ ಬರೆದದ್ದನ್ನು ಕತ್ತರಿಸಿ ಹಳೆ ಗೆರೆಗೆ ಹೊಂದಿಸುವ ಕೆಲಸ ಅವಳದೇ ಆಯಿತು.

ಅಂದರೆ ಅಕ್ಕನವರೆಗೆ ಹೋಗುವ ಪ್ರತಿ ಅಕ್ಷರವೂ ಅವಳ ಕೈ ದಾಟಿಯೇ ಹೋಗಬೇಕು. ಮೊದಲ ತಿಂಗಳುಗಳಲ್ಲಿ ಮೊಲ ಬರೆದಿದ್ದ ‘ಯಾರೂ ಮಾತಾಡುತ್ತಿಲ್ಲ’ಗಳನ್ನೆಲ್ಲ ಅವಳು ಕಳೆ ಕಿತ್ತ ಹಾಗೆ ಕಿತ್ತಿದ್ದಳು. ಜಾಗ ಸಾಲದು ಎನ್ನುವುದು ನೆಪ. ಮೌನವಿದ್ದಲ್ಲಿ ಬೇರೆ ಬರಹವೇ ಇರುವುದಿಲ್ಲವಲ್ಲ, ಜಾಗಕ್ಕೇನು ಬರ? ಕೇಳಿದರೆ ಹೇಳಲು ನಿಯಮವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು: ಕೇಳಿಸಿದ್ದನ್ನು ಬರೆಯತಕ್ಕದ್ದು. ಮೊಲ ಕೇಳಲೇ ಇಲ್ಲ. ಒಂದು ದಿನ ತಲೆನೋವು ಕಣ್ಣಿಗೆ ಇಳಿದು, ಹೇಗಿದೆಯೋ ಹಾಗೇ ಹೋಗಲಿ ಎಂದು ಗುಂಡಿ ಒತ್ತಿಬಿಟ್ಟಳು. ಆ ರಾತ್ರಿ ಅವಳು ಲೋಟ ತೊಳೆಯುತ್ತಿದ್ದಾಗ ಅಕ್ಕ ಪಕ್ಕಕ್ಕೆ ಬಂದು ನಿಂತಳು, ಅಂಗೈ ಎದೆಯ ಮೇಲೆ. ಬಸ್ಸು ತಿರುವಿನಲ್ಲಿ ವಾಲಿತು. ಪಕ್ಕದವಳ ಭುಜ ತಾಗಿತು. ಆ ಹೆಂಗಸು ಫೋನಿನಲ್ಲಿ ಯಾರಿಗೋ, “ಅವಳ ಹತ್ರ ಏನಿದೆ ಅಂತ ಎಲ್ಲರೂ ಅವಳ ಹಿಂದೆ ಬೀಳ್ತಾರೋ,” ಎನ್ನುತ್ತಿದ್ದಳು. ತನ್ನನ್ನೇ ಯಾರೋ ಓದಿ ಹೇಳಿದಂತೆ ಅವಳು ಮುಖ ತಿರುಗಿಸಿದಳು.

ವಿಭಾಗದ ಕೋಣೆಯಲ್ಲಿ ಮೊಲದ ಕುರ್ಚಿ ಮೇಜಿನೊಳಕ್ಕೆ ತಳ್ಳಿದಂತೆಯೇ ಇತ್ತು. ಎದೆಯಲ್ಲಿ ಏನೋ ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯಾಯಿತು. ತಂತಿಮಾವ ಒಳಗೆ ಇಣುಕಿ, “ಮೊಲ ಹಲ್ಲು ಕೀಳಿಸೋಕೆ ಹೋಗಿದೆ. ಇನ್ಮೇಲೆ ಅದರ ಸಾಲಿಗೆ ಮೂವತ್ತೊಂದೇ ಮನೆ,” ಎಂದು ತಮ್ಮ ಮಾತಿಗೆ ತಾವೇ ನಕ್ಕು, ಅವಳು ನಗದಿದ್ದದ್ದನ್ನು ಕಂಡು, “ಯಾಕಮ್ಮ, ನಿಂಗೂ ಹಲ್ಲು ನೋವಾ?” ಎಂದರು. ಅವರ ಹಿಂದೆಯೇ ಮೇಡಂ ಬಂದರು. ವಿಭಾಗದ ಮುಖ್ಯಸ್ಥೆ; ನಿಂತೇ ಮಾತಾಡುವ, ಮಾತಾಡುತ್ತ ಇನ್ನೊಬ್ಬರ ಮೇಜಿನ ಪೆನ್ನುಗಳನ್ನು ಜೋಡಿಸುವ ಹೆಂಗಸು. “ಇವತ್ತಿನ ಕಂತು ನೀವೇ ಬರೆದುಬಿಡಿ. ಇನ್ನೊಂದು, ಇವತ್ತಿಂದ ಕೊನೇ ಸಾಲಿನಲ್ಲಿ ಬರೆದವರ ಹೆಸರು ಹೋಗಬೇಕಂತೆ, ಮೇಲಿನವರ ಅಪ್ಪಣೆ. ಹಳೇ ಗೆರೆಗೂ, ಹೊಸದಕ್ಕೂ. ಮೊದಲನೇ ದಿನ ನಿಮ್ಮ ಹೆಸರೇ ಬರುತ್ತೆ ನೋಡಿ. ಅದೃಷ್ಟ ಅಂದ್ರೆ ಇದು.” ಪೆನ್ನುಗಳು ಸಾಲಾದವು. “ಹಳೇ ಗೆರೆ ಹೇಗೂ ಇನ್ನು ಸ್ವಲ್ಪ ದಿನ. ಮುಚ್ಚಿದ ಮೇಲೆ ಈ ಕತ್ತರಿಸೋ ಕಾಟ ನಿಮಗೆ ತಪ್ಪುತ್ತೆ.”

ಹೆಸರು. ಇವತ್ತು ಅವಳದು, ನಾಳೆ ಮೊಲದ್ದು. ಇದೇ ಮೇಡಂ ಹೋದ ತಿಂಗಳ ಸಭೆಯಲ್ಲಿ ಎಲ್ಲರ ಮುಂದೆ ಮೊಲದ ಕಂತೊಂದನ್ನು ಹಾಕಿ ತೋರಿಸಿ, “ಮನೇಲಿ ಕಿವುಡರಿದ್ದವರು ಬರೆದ ಹಾಗೆ ಬರೀತಾಳೆ,” ಎಂದಿದ್ದರು. ಮೊಲದ ಮನೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಿತ್ತು. ಕಿವುಡಿ ಇದ್ದದ್ದು ಅವಳ ಮನೆಯಲ್ಲಿ. ಅದನ್ನು ಕಚೇರಿಯಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಮೊದಮೊದಲು ಸಂಕೋಚಕ್ಕೆ, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾರೆಂಬ ಸಂಕೋಚಕ್ಕೆ. ಆ ಸಭೆಯಲ್ಲಿ ಎದ್ದು ನಿಂತು ನಮ್ಮ ಮನೆಯಲ್ಲಿದ್ದಾಳೆ ಎಂದಿದ್ದರೆ ಏನಾಗುತ್ತಿತ್ತು? ಹಾಗಾದರೆ ನೀವ್ಯಾಕೆ ಹೀಗೆ ಬರೆಯುವುದಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ಅವಳು ಚಪ್ಪಾಳೆ ತಟ್ಟಿದ್ದಳು. ಅಂಗೈ ಉರಿಯುವಷ್ಟು.

ಕಂತು ಶುರುಮಾಡಿಕೊಂಡಳು. ಮಗಳು ಮನೆ ಬಿಟ್ಟು ಹೋಗುವ ದಿನ; ತಾಯಿ ಅವಳ ಪೆಟ್ಟಿಗೆಗೆ ಬಟ್ಟೆ ತುಂಬುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಕಡೆಗೆ ಪೆಟ್ಟಿಗೆಯ ಚಿಲಕ ಬೀಳುತ್ತದೆ. ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು. ಮೊಲ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಮರೆತ ಕೊಡೆಗಾಗಿ ಹಿಂದಿರುಗಿ ಬಂದಾಗ ಕಂಡಿದ್ದಳು: ಮೊಲ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ಮೂಕವಾದ ಚಿತ್ರವನ್ನು ನೋಡುತ್ತಿತ್ತು. ಎಲ್ಲಿ ತನಗೆ ಗಾಬರಿಯಾಗುತ್ತದೋ, ಅಕ್ಷರ ನಿಂತಿತೋ ಮಾತು ನಿಂತಿತೋ ತಿಳಿಯದೆ ಎಲ್ಲಿ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತದೋ, ಅಲ್ಲೊಂದು ಗುರುತು ಹಾಕುತ್ತಿತ್ತು. ಅಷ್ಟೇ ಅದರ ಗುಟ್ಟು. ಇಷ್ಟು ವರ್ಷ ಒಬ್ಬ ಕಿವುಡಿಯ ಪಕ್ಕದಲ್ಲೇ ಮಲಗಿ ಎದ್ದವಳಿಗೆ ಹತ್ತಿಯ ಉಂಡೆಯೊಂದು ಹೊಳೆಯಲಿಲ್ಲ. ಅಂದು ಅವಳು ಕೊಡೆಯನ್ನು ತೆಗೆದುಕೊಳ್ಳದೆಯೇ ಹಿಂದಕ್ಕೆ ಹೆಜ್ಜೆಯಿಟ್ಟು, ಮಳೆಯಲ್ಲಿ ನೆನೆದು ಮನೆಗೆ ಹೋಗಿದ್ದಳು. ಈಗ ಮೊಲದ ಮೇಜಿನ ಖಾನೆ ಎಳೆದಳು. ಹತ್ತಿಯ ಸುರುಳಿ ಅಲ್ಲೇ ಇತ್ತು. ಬಾಗಿಲ ಕಡೆ ಒಮ್ಮೆ ನೋಡಿ, ಕದ್ದವಳಂತೆ ಎರಡು ಚೂರು ಕಿತ್ತು ಉಂಡೆ ಮಾಡಿ ಕಿವಿಗೆ ಒತ್ತಿಕೊಂಡಳು. ಸುಮ್ಮನಾಗಲಿಲ್ಲ. ಒಳಗೆ ರಕ್ತ ಹರಿಯುವ ಮೊರೆತ ಕೇಳಿಸಿತು. ಅದರೊಳಗಿಂದ ತಾನು, ತನ್ನ ಹೆಸರು, ಮೇಡಂ ಜೋಡಿಸಿದ ಪೆನ್ನುಗಳು, ಎದೆ ತಟ್ಟುವ ಅಂಗೈ. ಪರದೆಯಲ್ಲಿ ತಾಯಿ ಬಟ್ಟೆ ಮಡಿಸುತ್ತಲೇ ಇದ್ದಳು. ಎಲ್ಲಿ ಗಾಬರಿಯಾಗಬೇಕೋ ಅವಳಿಗೆ ತಿಳಿಯಲಿಲ್ಲ. ಎಲ್ಲೆಲ್ಲೂ ಆಗುತ್ತಿತ್ತು.

ಹತ್ತಿಯನ್ನು ಕಸದ ಬುಟ್ಟಿಗೆ ಎಸೆದು ಬರೆದಳು. ಮೊಲಕ್ಕಿಂತ ಒಂದು ಕೈ ಮೇಲಾಗಬೇಕು, ಯಾರೂ ಮಾತಾಡುತ್ತಿಲ್ಲ ಎಂದು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದರೆ ಸಾಲದು. ‘ಭಾರವಾದ ಮೌನ’ ಎಂದು ಬರೆದಳು. ತಾಯಿ ಮಗಳ ಹಳೆಯ ಶಾಲನ್ನು ಕೈಗೆತ್ತಿಕೊಂಡಲ್ಲಿ ‘ಎದೆ ಹಿಂಡುವ ಮೌನ’. ಚಿಲಕ ಬಿದ್ದಮೇಲೆ ‘ಎಲ್ಲವೂ ಮುಗಿದಂತಹ ಮೌನ’. ಹಳೆ ಗೆರೆಗೆ ಹೊಂದಿಸುವಾಗ ಒಂದನ್ನೂ ಕತ್ತರಿಸಲಿಲ್ಲ; ಮೂವತ್ತೆರಡು ಮನೆಗಳಲ್ಲಿ ಎಲ್ಲವೂ ಸುಸೂತ್ರವಾಗಿ ಕೂತವು, ಅದು ಅವಳಿಗೆ ನೀರು ಕುಡಿದಷ್ಟು ಸಲೀಸು. ಕೊನೆಯ ಸಾಲಿನಲ್ಲಿ ತನ್ನ ಹೆಸರು ಹಾಕಿದಳು. ಅಳಿಸಿ, ನಡುವಿಗೆ ಬರುವಂತೆ ಸರಿಸಿ, ಮತ್ತೆ ಹಾಕಿದಳು. ಇಂದು ಅಕ್ಕ ಎದೆ ತಟ್ಟಿದರೆ ಅದು ತನ್ನ ಸ್ವಂತದ್ದು. ನಾಳೆಯ ಮಾತು ನಾಳೆಗೆ. ಕಂತನ್ನು ಪ್ರಸಾರಕ್ಕೆ ಕಳಿಸುವ ಮುನ್ನ ನೋಡಿದ ತಂತಿಮಾವ, “ಏನಮ್ಮ, ಇವತ್ತು ಮೌನದ್ದೇ ಗಲಾಟೆ,” ಎಂದರು. ಅವಳು ಅದನ್ನು ಹೊಗಳಿಕೆಯೆಂದೇ ಹಿಡಿದುಕೊಂಡು ಬಸ್ಸು ಹತ್ತಿದಳು. ವಾಲುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಸುಮ್ಮನೆ ಗಂಟಲ ಮೇಲೆ ಕೈ ಹೋಯಿತು. ಚಿಕ್ಕಂದಿನಲ್ಲಿ ಅವಳು ಪಾಠವನ್ನು ಗಟ್ಟಿಯಾಗಿ ಓದುವಾಗ ಅಕ್ಕ ಪಕ್ಕದಲ್ಲಿ ಕೂತು ಅಂಗೈಯನ್ನು ಅವಳ ಗಂಟಲಿಗೆ ಒತ್ತಿ ಹಿಡಿಯುತ್ತಿದ್ದಳು, ಓದುತ್ತಿರುವುದು ಪದ್ಯವೋ ಲೆಕ್ಕವೋ ಎಂದು ಅಂಗೈಯಿಂದಲೇ ಗುರುತಿಸುತ್ತಿದ್ದಳು. ಯಾವತ್ತೋ ಒಂದು ಸಲ ಗೆಳತಿಯರು ಮನೆಗೆ ಬಂದಿದ್ದಾಗ ಅವರೆದುರಿಗೇ ಆ ಕೈ ಬಂತು. ಅವಳು ನೊಣ ಓಡಿಸಿದ ಹಾಗೆ ತಳ್ಳಿದಳು. ಅಕ್ಕ ನಕ್ಕಳು, ಆಮೇಲೆ ಎಂದೂ ಆ ಕೈ ಬರಲಿಲ್ಲ.

ಅವಳು ಬಾಗಿಲು ತೆರೆದಾಗ ಧಾರಾವಾಹಿ ಶುರುವಾಗಿತ್ತು. ಅಕ್ಕ ಟೀವಿಯ ಸದ್ದನ್ನು ಪೂರ್ತಿ ಏರಿಸಿಟ್ಟು, ಅದರ ಮರದ ಪೆಟ್ಟಿಗೆಯ ಅಂಚಿಗೆ ಬೆನ್ನಿನ ಒಂದು ಮಗ್ಗುಲು ತಾಗುವಂತೆ ಕುರ್ಚಿ ತಿರುಗಿಸಿ, ಕತ್ತು ಹೊರಳಿಸಿ ನೋಡುತ್ತಿದ್ದಳು. ಸದ್ದು ಬೆನ್ನಿಗೆ ಬರುತ್ತದಂತೆ. ಪಕ್ಕದ ಮನೆಯವರು ಎಷ್ಟು ಸಲ ಹೇಳಿದ್ದರೋ. ಅವಳು ಬ್ಯಾಗನ್ನೂ ಇಳಿಸದೆ ಕೂತಳು. ಪರದೆಯನ್ನು ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡಿದಳು. ಅಕ್ಕ ಅಕ್ಷರಗಳನ್ನು ಓದುವಾಗ ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಭಾರವಾದ ಮೌನ. ತುಟಿ ಅಲುಗಿ ನಿಂತಿತು, ಹುಬ್ಬಿನ ನಡುವೆ ಒಂದು ಗೆರೆ. ಎದೆ ಹಿಂಡುವ ಮೌನ. ಅಕ್ಕ ಕೈಗೆ ಸಿಕ್ಕ ದಾರದ ಚೂರನ್ನು ಬೆರಳಿಗೆ ಸುತ್ತತೊಡಗಿದಳು. ಆಮೇಲಾಮೇಲೆ ತಾಯಿಯನ್ನು ನೋಡುವುದು ಬಿಟ್ಟು ಕಪ್ಪು ಪಟ್ಟಿಯನ್ನಷ್ಟೇ ಕಾದಳು, ಯಾರೋ ಮತ್ತೆ ಮತ್ತೆ ಬಾಗಿಲು ತಟ್ಟುವಾಗ ಬಾಗಿಲ ಕಡೆಗೇ ನೋಡುವಂತೆ. ಚಿಲಕ ಬಿತ್ತು. ಕೊನೆಯ ಸಾಲು ಬಂತು, ನಡುಮಧ್ಯದಲ್ಲಿ, ಬಿಳಿ ಅಕ್ಷರದಲ್ಲಿ ಅವಳ ಹೆಸರು. ಅಕ್ಕ ಕುರ್ಚಿಯಿಂದ ಅರ್ಧ ಎದ್ದಳು.

“ನಿನ್ನ ಹೆಸರು ಹಾಕಿದಾರೆ!” ಖುಷಿಗೆ ಕೈ ತಡವರಿಸಿತು. ಆಮೇಲೆ ಕೈ ನಿಧಾನವಾಯಿತು. “ಆದ್ರೆ ಇದು ನೀನು ಬರೆದಿದ್ದಲ್ಲ.”

ಅವಳು ಬ್ಯಾಗಿನ ಪಟ್ಟಿಯನ್ನು ಹೆಗಲಿಂದ ಇಳಿಸಿದಳು.

“ಬೇರೆ ಯಾರೋ ಬರೆದಿದಾರೆ. ತಪ್ಪಾಗಿ ನಿನ್ನ ಹೆಸರು ಹಾಕಿಬಿಟ್ಟಿದಾರೆ. ನಾಳೆ ಹೋಗಿ ಹೇಳು ಅವರಿಗೆ.”

“ಯಾಕೆ, ಚೆನ್ನಾಗಿರ್ಲಿಲ್ವಾ?”

“ಚೆನ್ನಾಗಿಲ್ದೆ ಏನು.” ಅಂಗೈ ಎದೆಗೆ ಹೋಗಲಿಲ್ಲ, ಗಾಳಿಯಲ್ಲೇ ಒಮ್ಮೆ ತೂಗಿತು. “ಎದೆ ಹಿಂಡೋ ಮೌನ ಅಂತೆ. ನನ್ನ ಎದೆ, ಹಿಂಡ್ಬೇಕೋ ಬೇಡ್ವೋ ನಾನು ನೋಡ್ಕೋತೀನಿ. ನೀನಾದ್ರೆ ಯಾರೂ ಮಾತಾಡ್ತಿಲ್ಲ ಅಂತ ಹೇಳಿ ಪಕ್ಕಕ್ಕೆ ಸರೀತೀಯ. ಆಮೇಲೆ ನಾನು, ಅವರು, ಅಷ್ಟೇ. ಇವಳ್ಯಾರೋ ಎದ್ದೇ ಹೋಗಲ್ಲ ಮಾರಾಯ್ತಿ. ಕಿವುಡಿಗೆ ತಿಳಿಯಲ್ಲ ಅಂತ ತುತ್ತು ಕಲಸಿ ಬಾಯಿಗಿಡ್ತಾಳೆ.” ಅಕ್ಕ ನಕ್ಕಳು. ಮೂಗಿನಿಂದ ಬರುವ, ತಾನೇ ಕೇಳಿರದ ಆ ನಗು. “ನೀನೂ ಚಿಕ್ಕವಳಿದ್ದಾಗ ಹೀಗೇ ಮಾಡ್ತಿದ್ದೆ. ಅತ್ತೆ ಬೈದ್ರೆ ಬೈದ್ರು ಅಂತ ಹೇಳಿ ಸುಮ್ಮನಾಗ್ತಿರ್ಲಿಲ್ಲ, ನನ್ನ ಬದಲು ನೀನೇ ಅಳೋಕೆ ಶುರು ಮಾಡ್ತಿದ್ದೆ. ನಂಗೆ ಅಳೋಕೆ ಪುರಸೊತ್ತೇ ಸಿಗ್ತಿರ್ಲಿಲ್ಲ. ಈಗ ಎಷ್ಟು ಕಲ್ತಿದೀಯ ನೋಡು.”

ಟೀವಿಯಲ್ಲಿ ಸಾಬೂನಿನ ಜಾಹೀರಾತು ಅಬ್ಬರಿಸುತ್ತಿತ್ತು. ಅವಳು ಎದ್ದು ಸದ್ದನ್ನು ಪೂರ್ತಿ ಇಳಿಸಿದಳು, ತಿರುಗಿ ಬಂದು ಅಕ್ಕನ ಎದುರಿಗೆ, ಬೆಳಕು ಕೈಗಳ ಮೇಲೆ ಬೀಳುವಂತೆ ಕೂತಳು. “ಇದು ನಾನೇ ಬರೆದದ್ದು,” ಎಂದಳು. ಅಕ್ಕ ಅವಳ ಕೈಗೆ ಮೆಲ್ಲಗೆ ಹೊಡೆದಳು. “ಯಾರನ್ನೋ ಕಾಪಾಡ್ತಿದೀಯ. ನಿನ್ನ ಬರಹ ನಂಗೆ ಗೊತ್ತಾಗಲ್ವಾ?” ಇಲ್ಲಿಗೆ ನಿಲ್ಲಿಸಬಹುದಿತ್ತು. ಸತ್ಯ ಹೇಳಿಯಾಗಿತ್ತು, ನಂಬದಿದ್ದದ್ದು ಅವಳ ತಪ್ಪಲ್ಲ. ಆದರೆ ನಾಳೆ ಅದೇ ಜಾಗದಲ್ಲಿ, ಅದೇ ಬಿಳಿ ಅಕ್ಷರದಲ್ಲಿ ಇನ್ನೊಂದು ಹೆಸರು ಬರುತ್ತದೆ. ಅದನ್ನು ಓದುವಾಗ ಅಕ್ಕನ ತುಟಿ ಅಲುಗುವುದನ್ನು ಕಾದು ಕೂರಲಾರೆ ಎನಿಸಿತು. “ಇವತ್ತಿಂದು ನಾನು ಬರೆದದ್ದು, ಅಕ್ಕ. ನಿನ್ನೇದು, ಮೊನ್ನೇದು, ಊಟದ ಮೇಜಿನ ಮುಂದೆ ಆ ಅಪ್ಪ ಕೂತಿದ್ದು, ನಿಂಗೆ ಮೈ ಜುಂ ಅಂದಿದ್ದು, ಅದೆಲ್ಲ ಬೇರೆಯವಳು. ನಾನು ಅದನ್ನ ಕತ್ತರಿಸ್ತಿದ್ದೆ. ಎಷ್ಟೋ ದಿನ ನಿಂಗೆ ಬರಬೇಕಾದ ಮೌನಾನೂ ಕತ್ತರಿಸಿ ಬಿಸಾಕಿದೀನಿ.”

ಅಕ್ಕ ಅವಳ ಕೈಗಳನ್ನು, ಅವು ನಿಂತಮೇಲೂ, ನೋಡುತ್ತಿದ್ದಳು. ಬೈಯುತ್ತಾಳೆ, ಎದ್ದು ಒಳಗೆ ಹೋಗುತ್ತಾಳೆ, ಇಲ್ಲವೇ ಪಾಪ ಎಂದು ತಲೆ ಸವರುತ್ತಾಳೆ. ಮೂರಕ್ಕೂ ಅವಳು ಸಿದ್ಧಳಾಗಿದ್ದಳು. ಅಕ್ಕ ಮೂರನ್ನೂ ಮಾಡಲಿಲ್ಲ. ಮೆಲ್ಲಗೆ ಟೀವಿಯ ಕಡೆ ತಿರುಗಿ, ಜಾಹೀರಾತಿನ ಹೆಂಗಸಿನ ಕಾಲುಗಳ ಬಳಿ, ಅಕ್ಷರಗಳು ಮೂಡುವ ಆ ಖಾಲಿ ಜಾಗವನ್ನು ದಿಟ್ಟಿಸಿದಳು. ಅವಳ ಮುಖದಲ್ಲಿ ಮೂಡಿದ ಹಂಬಲವನ್ನು ತಂಗಿ ಹಿಂದೆ ಕಂಡಿರಲಿಲ್ಲ. ಅದು ತನ್ನ ಕಡೆಗೆ ಎಂದೂ ತಿರುಗಿರಲಿಲ್ಲ.

“ಹೇಗಿದಾಳೆ?” ಎಂದಳು ಅಕ್ಕ.

ಅವಳ ಕೈ ಥಟ್ಟನೆ ಮೇಲೆದ್ದಿತು. “ಹಲ್ಲು ಉದ್ದ. ಮೊಲದ ಹಾಗೆ,” ಎಂದು ಎರಡು ಬೆರಳನ್ನು ತುಟಿಯ ಮುಂದೆ ಇಳಿಬಿಟ್ಟು ಕುಣಿಸಿದಳು, ಬೇಕೆಂದೇ ವಿಕಾರವಾಗಿ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅದೇ ಬೆರಳುಗಳನ್ನು ತನ್ನ ತುಟಿಗೆ ಇಟ್ಟುಕೊಂಡು ನೋಡಿದಳು. ಆಗಲೇ ಅದು ಮೊಲದ ಹೆಸರಾಗಿ ಮನೆಯ ಭಾಷೆಯೊಳಗೆ ಸೇರಿಹೋಯಿತು. ಎಷ್ಟೋ ವರ್ಷಗಳಿಂದ ಇಬ್ಬರದೇ ಆಗಿದ್ದ ಮಾತಿನಲ್ಲಿ ಈಗ ಮೂರನೆಯವಳೊಬ್ಬಳು ಕೂತಿದ್ದಳು, ಅವಳೇ ಕೈಹಿಡಿದು ಕರೆತಂದು ಕೂರಿಸಿದ್ದಳು. “ಎತ್ತರಾನಾ? ನಮ್ಮನೆಗೆ ಯಾಕೆ ಕರ್ಕೊಂಡು ಬಂದಿಲ್ಲ? ಅವಳಿಗೆ ನಮ್ಮ ಥರದವರು ಯಾರಾದ್ರೂ ಗೊತ್ತಾ?” ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಎತ್ತರವಿಲ್ಲ. ಯಾರೂ ಗೊತ್ತಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ನೋಡುತ್ತಾಳೆ. ಅದನ್ನೂ ಹೇಳಿದಳು, ಕತ್ತರಿಸಲಿಲ್ಲ; ಅಕ್ಕ ಅಂಗೈ ಎದೆಗಿಟ್ಟಳು, ತಟ್ಟಲಿಲ್ಲ, ಹಾಗೇ ಇಟ್ಟುಕೊಂಡಳು.

“ಅವಳ ಧ್ವನಿ?”

ಇದನ್ನು ಅಕ್ಕ ಯಾರ ಬಗ್ಗೆಯೂ ಕೇಳಿದವಳಲ್ಲ. ಮೊಲದ ಧ್ವನಿ ಸಣ್ಣದು, ಸದಾ ನೆಗಡಿ ಹಿಡಿದಂತೆ ಮೂಗಿನಲ್ಲಿ ಸಿಕ್ಕಿಕೊಳ್ಳುವಂಥದ್ದು. ಫೋನು ಎತ್ತಿದರೆ ಆ ಕಡೆಯವರು ಅಪ್ಪನಿಗೆ ಕೊಡು ಪುಟ್ಟಿ ಎನ್ನುತ್ತಿದ್ದರಂತೆ. ಇಡೀ ದಿನದಲ್ಲಿ ಮೊದಲ ಸಲ ಸತ್ಯವೇ ಅವಳ ಕಡೆಗಿತ್ತು. ಕೈ ಎತ್ತಿದಳು. ಅಕ್ಕ ಕಾಯುತ್ತಿದ್ದಳು, ಬೆಳಗ್ಗೆ ಬೆಣ್ಣೆಯ ಚಾಕು ಒರಗಿಸಿಟ್ಟಾಗ ಇದ್ದ ಅದೇ ಮುಖ. “ನನ್ನ ಥರಾನೇ,” ಎಂದಳು ಅವಳು. “ನನ್ನ ಧ್ವನಿ ಇದೆಯಲ್ಲ, ಥೇಟ್ ಹಾಗೇ.”

ಅಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೂಜಿಯ ಚುಚ್ಚುಗಳಿಂದ ಒರಟಾದ ಅಂಗೈ ಮುಂದೆ ಬಂತು, ಒಂದು ಗಳಿಗೆ ಗಾಳಿಯಲ್ಲಿ ತಡೆಯಿತು, ತಳ್ಳುತ್ತಾಳೋ ಎಂಬಂತೆ. ಆಮೇಲೆ ಅವಳ ಗಂಟಲಿಗೆ ಒತ್ತಿಕೊಂಡಿತು. ಬಿಡುವಿದ್ದ ಕೈಯಿಂದ ಅಕ್ಕ, ಮಾತಾಡು ಎಂದಳು.

ಏನು ಮಾತಾಡುವುದು? ಟೀವಿ ಮೂಕವಾಗಿತ್ತು, ಮೇಲಿನ ಮನೆಯ ನಲ್ಲಿ ನಿಂತಿತ್ತು. “ನಾನು ಕಣೇ,” ಎಂದಳು ಅವಳು. “ಇದು ನಾನು, ಅಕ್ಕ. ಅವಳಲ್ಲ. ನಾನು.” ಕಣ್ಣು ತುಂಬಿದ್ದು ಕಾಣದಿರಲೆಂದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ್ದಳು. ತಿರುಗಿಸಬೇಕಾದ್ದೇ ಇರಲಿಲ್ಲ, ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಹೇಳುತ್ತಲೇ ಹೋದಳು, ಅದೊಂದೇ ಮಾತನ್ನು. ಅಂಗೈ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ, ಅಕ್ಕ ಇನ್ನೊಂದು ಕೈಯನ್ನು ಎತ್ತಿ ತನ್ನ ಎದೆಯ ಮೇಲಿಟ್ಟು ಮೆಲ್ಲಗೆ ತಟ್ಟಿದಳು. ಆಮೇಲೆ ಎರಡು ಬೆರಳನ್ನು ತುಟಿಯ ಮುಂದೆ ಇಳಿಬಿಟ್ಟಳು.